ಶೋಧನಾ ಕಲಿಕೆಯಲ್ಲಿ ‘ಶಿಕ್ಷಕರ ನಂಬಿಕೆ’ ಎಂದರೇನು?

ಮಕ್ಕಳು ಹೇಗೆ ಕಲಿಯುತ್ತಾರೆ, ಯಾರಿಗೆ ಎಷ್ಟು ಕಲಿಯಲು ಸಾಧ್ಯ, ತರಗತಿಯಲ್ಲಿ ನನ್ನ ಕೆಲಸ ಏನು? ಇವುಗಳ ಬಗ್ಗೆ ಪ್ರತಿ ಶಿಕ್ಷಕರ ಮನಸ್ಸಿನಲ್ಲೂ ಒಂದು ಗಟ್ಟಿ ಅಭಿಪ್ರಾಯ ಇರುತ್ತದೆ. ಶಿಕ್ಷಣದ ಬಗ್ಗೆ ಬರೆಯುವವರು ಇದನ್ನೇ ‘ಶಿಕ್ಷಕರ ನಂಬಿಕೆ’ ಎನ್ನುತ್ತಾರೆ. ಬಹಳಷ್ಟು ಸಲ ಅದು ಬಾಯಲ್ಲಿ ಬರುವುದೇ ಇಲ್ಲ. ಪಾಠ ಮಾಡುವ ರೀತಿಯಲ್ಲಿ ಕಾಣುತ್ತದೆ. ಅದರಲ್ಲೂ ಶೋಧನಾ ಕಲಿಕೆಯ ಪಾಠದಲ್ಲಿ ಅದನ್ನು ಮುಚ್ಚಿಡಲು ಆಗುವುದಿಲ್ಲ.

ಶೋಧನಾ ಕಲಿಕೆಯಲ್ಲಿ ಪಾಠ ಪ್ರಶ್ನೆಯಿಂದ ಶುರುವಾಗುತ್ತದೆ. ಮಕ್ಕಳು ಊಹೆ ಮಾಡುತ್ತಾರೆ, ಪರೀಕ್ಷಿಸುತ್ತಾರೆ, ಸಿಕ್ಕಿದ್ದನ್ನು ಇಟ್ಟುಕೊಂಡು ವಾದ ಮಾಡುತ್ತಾರೆ. ಉತ್ತರ ಕೊನೆಗೆ ಬರುತ್ತದೆ. ಸಕ್ರಿಯ ಕಲಿಕೆ, ಅಂದರೆ ಮಕ್ಕಳು ಬರೀ ಕೇಳಿಸಿಕೊಳ್ಳದೆ ತಾವೇ ಏನಾದರೂ ಮಾಡುತ್ತ ಕಲಿಯುವುದು, ಇದಕ್ಕಿಂತ ವಿಶಾಲವಾದ ಹೆಸರು. ಜೋಡಿ ಚರ್ಚೆ, ಒಬ್ಬರಿಗೊಬ್ಬರು ವಿವರಿಸುವುದು, ಸಮಸ್ಯೆ ಬಿಡಿಸುವುದು ಎಲ್ಲವೂ ಅದರಡಿ ಬರುತ್ತವೆ. ವಿಚಾರ ಹೊಸದೇನಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಇಂಥ ವಿಚಾರಗಳನ್ನು ಪರೀಕ್ಷಿಸಿ ನೋಡಲು ಷಿಕಾಗೋದಲ್ಲಿ ಮಕ್ಕಳ ಶಾಲೆಯೊಂದನ್ನು ತೆರೆದದ್ದು 1896ರಲ್ಲಿ.

ಲೋಲಕದ ಪಾಠವನ್ನೇ ತೆಗೆದುಕೊಳ್ಳಿ. ದಾರಕ್ಕೆ ಒಂದು ಕಬ್ಬಿಣದ ನಟ್ ಕಟ್ಟಿ ತೂಗಲು ಬಿಡುತ್ತೇವೆ. ಅದು ಒಮ್ಮೆ ಹೋಗಿ ಬರಲು ಬೇಕಾಗುವ ಸಮಯ ಯಾವುದರಿಂದ ಬದಲಾಗುತ್ತದೆ? ‘ಭಾರದಿಂದ’ ಅಂತ ಅನೇಕ ಮಕ್ಕಳಿಗೆ ಅನಿಸುತ್ತದೆ. ಕಟ್ಟಿದ ಜಾಗದಿಂದ ನಟ್ಟಿನ ನಡುವಿಗೆ 25 ಸೆಂ.ಮೀ. ಇದ್ದರೆ, ಹತ್ತು ಸಲ ಹೋಗಿ ಬರಲು ಸುಮಾರು 10 ಸೆಕೆಂಡ್ ಬೇಕು. ಈಗ ಒಬ್ಬ ಹುಡುಗಿ ಮೊದಲ ನಟ್ಟಿನ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ಅಂತ ನಾಲ್ಕು ದೊಡ್ಡ ನಟ್ಟುಗಳನ್ನು ಸಾಲಾಗಿ ಕಟ್ಟುತ್ತಾಳೆ ಅಂದುಕೊಳ್ಳಿ. ಸಮಯ ಹತ್ತೂವರೆ ಸೆಕೆಂಡ್ ದಾಟುತ್ತದೆ. ‘ಮಿಸ್, ಭಾರ ಜಾಸ್ತಿ ಆದ್ರೆ ನಿಧಾನ ಆಗುತ್ತೆ!’ ಎನ್ನುತ್ತಾಳೆ.

ಅವಳ ತೀರ್ಮಾನ ತಪ್ಪು. ಆದರೆ ಅಳತೆ ಸರಿ, ಅಳತೆಯಿಂದ ತೀರ್ಮಾನಕ್ಕೆ ಹೋದ ದಾರಿಯೂ ತಕ್ಕಮಟ್ಟಿಗೆ ಸರಿ. ಶಿಕ್ಷಕರ ನಂಬಿಕೆ ಹೊರಗೆ ಬರುವುದು ಈ ಗಳಿಗೆಯಲ್ಲಿ. ಜ್ಞಾನ ಎಂದರೆ ಸರಿಯಾದ ವಾಕ್ಯ ಎಂದು ನಂಬಿದವರು ‘ಇಲ್ಲ, ಭಾರಕ್ಕೂ ಸಮಯಕ್ಕೂ ಸಂಬಂಧ ಇಲ್ಲ, ಬರ್ಕೋ’ ಎಂದು ಮುಂದೆ ಹೋಗುತ್ತಾರೆ. ಮಗುವಿಗೆ ಸಾಕ್ಷ್ಯವನ್ನು ತೂಗಿ ನೋಡುವ ಶಕ್ತಿ ಇದೆ ಎಂದು ನಂಬಿದವರು ಕೇಳುತ್ತಾರೆ: ‘ನೀನು ಅಳೆದದ್ದು ಸರಿಯಾಗಿದೆ. ಆದ್ರೆ ನಟ್ ಸೇರಿಸಿದಾಗ ಭಾರ ಒಂದೇ ಬದಲಾಯ್ತಾ?’ ಅವಳು ಮತ್ತೆ ನೋಡುತ್ತಾಳೆ. ನಟ್ಟುಗಳು ಕೆಳಗಿಳಿದಿವೆ. ಅಂದರೆ ಲೋಲಕವೂ ಉದ್ದವಾಗಿದೆ. ನಾಲ್ಕನ್ನೂ ಒಂದೇ ಮಟ್ಟದಲ್ಲಿ ಒಟ್ಟಿಗೆ ಕಟ್ಟಿದರೆ ಮತ್ತೆ 10 ಸೆಕೆಂಡ್! ಆಮೇಲೆ ಉದ್ದವನ್ನು 1 ಮೀಟರ್ ಮಾಡಿದರೆ 20 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡೇ ಪಟ್ಟು. ಇದು ಯಾಕೆ ಅನ್ನುವ ಹೊಸ ಪ್ರಶ್ನೆಯನ್ನು ಅವಳೇ ಎತ್ತುತ್ತಾಳೆ.

ಇಲ್ಲಿ ಟೀಚರ್ ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನು ಗಮನಿಸಿ. ‘ಶೋಧನಾ ಕಲಿಕೆ ಅಂದ್ರೆ ಮಕ್ಕಳನ್ನು ಅವರ ಪಾಡಿಗೆ ಬಿಡುವುದು’ ಎನ್ನುವುದೂ ಒಂದು ನಂಬಿಕೆಯೇ, ಅದು ಹಾನಿ ಮಾಡುವಂಥದ್ದು. 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಸಂಶೋಧಕರು ಇದರ ಮೇಲೆ ಗಟ್ಟಿಯಾದ ಆಕ್ಷೇಪ ಎತ್ತಿದರು. ವಿಷಯಕ್ಕೆ ಹೊಸಬರಾದವರಿಗೆ ಮಾರ್ಗದರ್ಶನ ಇಲ್ಲದಿದ್ದರೆ ನೆನಪಿನ ಮೇಲೆ ಹೊರೆ ಬಿದ್ದು ಕಲಿಕೆ ಕುಂಟುತ್ತದೆ ಎಂಬುದು ಅವರ ವಾದ. ಮರುವರ್ಷವೇ ಇನ್ನೊಂದು ತಂಡ ಉತ್ತರ ಕೊಟ್ಟಿತು: ಒಳ್ಳೆಯ ಶೋಧನಾ ಪಾಠದಲ್ಲಿ ಮಾರ್ಗದರ್ಶನ ಧಾರಾಳವಾಗಿ ಇರುತ್ತದೆ. ನನ್ನ ಮಟ್ಟಿಗೆ ಎರಡೂ ಮಾತು ಸರಿ. ನಟ್ಟಿನ ಬಗ್ಗೆ ಕೇಳಿದ ಆ ಒಂದು ಪ್ರಶ್ನೆಯೇ ಮಾರ್ಗದರ್ಶನ. ಅದನ್ನು ಕೇಳಬೇಕಾದರೆ ಶಿಕ್ಷಕರಿಗೆ ವಿಷಯ ಚೆನ್ನಾಗಿ ಗೊತ್ತಿರಬೇಕು, ಮಗು ಎಲ್ಲಿ ಎಡವಿದೆ ಎಂಬುದು ಕಣ್ಣಿಗೆ ಬೀಳಬೇಕು. ಭಾಷಣದ ಪಾಠಕ್ಕಿಂತ ಇದು ಕಷ್ಟದ ಕೆಲಸ.

ಮಕ್ಕಳ ಕೈಗೆ ಸಾಮಾನು ಕೊಟ್ಟರೆ ಶೋಧನೆ ಆಗಿಹೋಯಿತು ಅನ್ನುವ ನಂಬಿಕೆಯೂ ಬಹಳ ಕಡೆ ಇದೆ. ಉತ್ತರವನ್ನು ಬೋರ್ಡಿನ ಮೇಲೆ ಬರೆದು ಪ್ರಯೋಗ ಮಾಡಿಸಿದರೆ ಕೈಗೆ ಕೆಲಸ ಸಿಗುತ್ತದೆ, ತಲೆಗೆ ಸಿಗುವುದಿಲ್ಲ.

ಇಂಥ ನಂಬಿಕೆಗಳು ಎಲ್ಲಿಂದ ಬರುತ್ತವೆ? ಡ್ಯಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞರು 1975ರಲ್ಲಿ ಕೊಟ್ಟ ವಿವರಣೆ ಈಗಲೂ ಸರಿಹೊಂದುತ್ತದೆ. ಶಿಕ್ಷಕರಾಗುವ ಮೊದಲೇ ನಾವೆಲ್ಲ ಸಾವಿರಾರು ಗಂಟೆ ಬೆಂಚಿನ ಮೇಲೆ ಕೂತು ಪಾಠ ಮಾಡುವುದನ್ನು ನೋಡಿರುತ್ತೇವೆ. ಶಿಕ್ಷಕರು ಏನು ಮಾಡಿದರು ಎಂದು ಕಂಡಿರುತ್ತೇವೆ, ಯಾಕೆ ಮಾಡಿದರು ಎಂದು ತಿಳಿದಿರುವುದಿಲ್ಲ. ಆ ನೋಟ ಒಳಗೆ ಇಳಿದುಬಿಟ್ಟಿರುತ್ತದೆ. ತರಬೇತಿಯಲ್ಲಿ ಕಲಿತದ್ದು ಅದರ ಮೇಲೆ ಹಚ್ಚಿದ ತೆಳು ಬಣ್ಣ, ಅಷ್ಟೇ.

ಹಾಗಾಗಿಯೇ ಹೇಳುವ ನಂಬಿಕೆಗೂ ನಡೆಯುವ ನಂಬಿಕೆಗೂ ಅಂತರ ಬೀಳುತ್ತದೆ. ಡೇವಿಡ್ ಕೊಹೆನ್ ಎಂಬ ಶಿಕ್ಷಣ ಸಂಶೋಧಕರು 1990ರಲ್ಲಿ ಕ್ಯಾಲಿಫೋರ್ನಿಯಾದ ಗಣಿತ ಶಿಕ್ಷಕಿಯೊಬ್ಬರ ಬಗ್ಗೆ ಬರೆದರು. ತನ್ನ ಬೋಧನೆ ಪೂರ್ತಿ ಬದಲಾಗಿದೆ ಎಂದು ಆಕೆ ಪ್ರಾಮಾಣಿಕವಾಗಿ ನಂಬಿದ್ದರು. ಹೊಸ ಚಟುವಟಿಕೆ, ಹೊಸ ಸಾಮಗ್ರಿ ಎಲ್ಲ ಇತ್ತು. ಆದರೆ ಉತ್ತರ ಸರಿಯೋ ತಪ್ಪೋ ಅನ್ನುವುದರಾಚೆ ಚರ್ಚೆ ಹೋಗುತ್ತಿರಲಿಲ್ಲ. ಇದರಲ್ಲಿ ಆಕೆಯ ತಪ್ಪು ಹುಡುಕುವುದು ಅನ್ಯಾಯ. ಒಬ್ಬರೇ ತರಗತಿಯಲ್ಲಿ ನಿಂತು ಇಷ್ಟು ಬದಲಾಯಿಸಿಕೊಂಡದ್ದೇ ದೊಡ್ಡದು.

ನಂಬಿಕೆಯನ್ನು ಅಳೆಯಲು ಒಂದು ಸುಲಭದ ಜಾಗ ಇದೆ: ಪ್ರಶ್ನೆ ಕೇಳಿದ ಮೇಲಿನ ಮೌನ. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದೇ ಸೆಕೆಂಡ್ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತಮ್ಮ ಅಧ್ಯಯನಗಳಲ್ಲಿ ಕಂಡರು. 3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ‘ಈ ಮಗುವಿಗೆ ಬರಲ್ಲ’ ಎಂದು ಒಳಗೆ ಅಂದುಕೊಂಡವರು ಕಾಯುವುದಿಲ್ಲ ಅಲ್ವಾ?

ವಿದ್ಯಾರ್ಥಿಗಳ ನಂಬಿಕೆಯೂ ಇದರ ಜೊತೆ ಸೇರುತ್ತದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಕ್ರಿಯ ಪಾಠದಲ್ಲಿದ್ದವರು ಜಾಸ್ತಿ ಕಲಿತಿದ್ದರು. ಆದರೆ ತಾವು ಕಡಿಮೆ ಕಲಿತೆವು ಎಂದು ಅವರಿಗೇ ಅನಿಸಿತ್ತು. ತಲೆಗೆ ಶ್ರಮವಾದಾಗ ಹಾಗನಿಸುವುದು ಸಹಜ. ‘ನೀವೇ ಹೇಳ್ಬಿಡಿ ಸರ್’ ಎಂದು ತರಗತಿಯೇ ಕೇಳುವಾಗ ತನ್ನ ನಂಬಿಕೆಯನ್ನು ಹಿಡಿದು ನಿಲ್ಲುವುದಕ್ಕೆ ಶಿಕ್ಷಕರಿಗೆ ಗಟ್ಟಿ ಮನಸ್ಸು ಬೇಕು.

ನಂಬಿಕೆ ಬದಲಾಗುವುದು ಹೇಗೆ? ಉಪನ್ಯಾಸದಿಂದ ಆಗುವುದು ಕಡಿಮೆ. ಶಿಕ್ಷಣ ಸಂಶೋಧಕ ಥಾಮಸ್ ಗಸ್ಕಿ 1986ರಲ್ಲಿ ಹೇಳಿದ್ದು ಇದನ್ನೇ: ಶಿಕ್ಷಕರು ಮೊದಲು ಹೊಸ ವಿಧಾನ ಮಾಡಿ ನೋಡುತ್ತಾರೆ, ತಮ್ಮ ಮಕ್ಕಳು ಕಲಿತದ್ದು ಕಣ್ಣಿಗೆ ಕಾಣುತ್ತದೆ, ನಂಬಿಕೆ ಆಮೇಲೆ ಬರುತ್ತದೆ. ಆದ್ದರಿಂದ ಒಂದು ಇಡೀ ವರ್ಷದ ಪಾಠವನ್ನು ಬದಲಿಸಲು ಹೊರಡುವುದಕ್ಕಿಂತ, ಚೆನ್ನಾಗಿ ಗೊತ್ತಿರುವ ಒಂದೇ ಪಾಠವನ್ನು ಆರಿಸಿಕೊಂಡು, ಅದರ ಉತ್ತರವನ್ನು ಅರ್ಧ ಗಂಟೆ ತಡವಾಗಿ ಹೇಳಿ ನೋಡುವುದು ಒಳ್ಳೆಯ ಶುರು.