ನೆಲಕ್ಕೆ ಬಿಟ್ಟ ನದಿ ನೀರು ವಾಪಸ್ ಸಿಗುತ್ತಾ?

ಓದುಗರ ಪ್ರಶ್ನೆ: ಕೆಲವು ದೇಶಗಳಲ್ಲಿ ನದಿ ನೀರನ್ನು ಭೂಮಿಗೆ ಇಂಗಿಸಿಟ್ಟು, ಬೇಕಾದಾಗ ಮೇಲೆತ್ತಿ ಊರಿಗೆ ಕೊಡ್ತಾರಂತೆ. ಒಳಗೆ ಹೋದ ನೀರು ಎಲ್ಲೋ ಹರಿದುಹೋಗಲ್ವಾ? ಹಾಕಿದವರಿಗೇ ಸಿಗುತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ?

ಹರಿದುಹೋಗುತ್ತದೆ, ನಿಜ. ಆದರೆ ತುಂಬಾ ನಿಧಾನವಾಗಿ.

ನೆಲದಡಿಯ ನೀರು ಅಂದರೆ ನಮ್ಮ ಕಣ್ಣಿಗೆ ಬರುವುದು ಯಾವುದೋ ಗುಹೆ, ಅದರೊಳಗೆ ಹರಿಯುವ ಹೊಳೆ. ಬಹಳಷ್ಟು ಕಡೆ ಹಾಗಿರುವುದಿಲ್ಲ. ಒಂದು ಬಕೆಟ್ ತುಂಬ ಮರಳು ಹಾಕಿ, ಮೇಲೆ ನೀರು ಸುರಿದು ನೋಡಿ. ತುಂಬಿದ ಬಕೆಟ್‌ಗೆ ಇನ್ನೂ ಕೆಲವು ಚೊಂಬು ನೀರು ಹಿಡಿಸುತ್ತದೆ. ಆ ನೀರು ಕೂತಿರುವುದು ಮರಳಿನ ಸಂದಿಗಳಲ್ಲಿ. ನೂರಾರು ಅಡಿ ದಪ್ಪದ ಮರಳು, ಜಲ್ಲಿಯ ಪದರದಲ್ಲೂ ಇದೇ ಕಥೆ. ಸಂದಿಯಿಂದ ಸಂದಿಗೆ ನುಸುಳುತ್ತಾ ಹೋಗುವ ನೀರು ದಿನಕ್ಕೆ ಒಂದು ಗೇಣು ಸಾಗಿದರೂ ಜಾಸ್ತಿಯೇ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿರುವ ಊರು ಅಮೆರಿಕದ ಅರಿಜೋನಾದ ಟೂಸಾನ್. ಮರುಭೂಮಿಯ ಊರು. ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸು ಮಳೆ. ಊರಿನ ಪಕ್ಕದ ಸಾಂಟಾ ಕ್ರೂಜ್ ನದಿ ವರ್ಷದ ಬಹುಪಾಲು ಒಣಗಿಯೇ ಇರುತ್ತಿತ್ತು. ಹಾಗಾಗಿ ಬೋರ್‌ವೆಲ್‌ಗಳೇ ಗತಿ. ಎತ್ತಿ ಎತ್ತಿ ಊರ ನಡುವೆ ಕೆಲವು ಕಡೆ ಅಂತರ್ಜಲ 200 ಅಡಿ ಕೆಳಗಿಳಿಯಿತು.

ಆಗ ಆಸರೆಯಾಗಿದ್ದು ಕೊಲೊರಾಡೊ ನದಿ. ಅಲ್ಲಿಂದ ಟೂಸಾನ್ ತನಕ ಸುಮಾರು 540 ಕಿಲೋಮೀಟರ್ ಕಾಲುವೆ, ದಾರಿಯುದ್ದಕ್ಕೂ ಸೇರಿ 880 ಮೀಟರ್‌ನಷ್ಟು ಎತ್ತರಕ್ಕೆ ಪಂಪ್ ಮಾಡಬೇಕು. ಕಾವೇರಿಯನ್ನು 100 ಕಿಲೋಮೀಟರ್ ದೂರದಿಂದ 500 ಮೀಟರ್ ಮೇಲೆತ್ತಿ ಕುಡಿಯುವ ಬೆಂಗಳೂರಿನವರಿಗೆ ಇದರ ಕರೆಂಟ್ ಬಿಲ್ ಬಿಡಿಸಿ ಹೇಳಬೇಕಾಗಿಲ್ಲ.

1992ರ ಕೊನೆಗೆ ಆ ನೀರನ್ನು ಶುದ್ಧ ಮಾಡಿ ನೇರವಾಗಿ ನಲ್ಲಿಗೆ ಬಿಟ್ಟರು. ನಲ್ಲಿಯಲ್ಲಿ ಬಂದಿದ್ದು ಟೀ ಡಿಕಾಕ್ಷನ್ ಬಣ್ಣದ ನೀರು! ಅಷ್ಟು ವರ್ಷ ಬೋರ್ ನೀರಿಗೆ ಒಗ್ಗಿಕೊಂಡಿದ್ದ ಹಳೇ ಕಬ್ಬಿಣದ ಪೈಪುಗಳಿಗೆ ಹೊಸ ನೀರಿನ ಗುಣ ಹಿಡಿಸಲಿಲ್ಲ. ಒಳಗೋಡೆಗೆ ಅಂಟಿದ್ದ ತುಕ್ಕು ಕಿತ್ತುಕೊಂಡು ಬಂತು. ಪೈಪು ಸೋರಿದವು, ಒಗೆದ ಬಟ್ಟೆಗೆ ಕಲೆ ಬಿತ್ತು, ಜನ ರೊಚ್ಚಿಗೆದ್ದರು. 1994ರಲ್ಲಿ ನಿಲ್ಲಿಸಬೇಕಾಯಿತು. ಮರುವರ್ಷ ಜನರೇ ಮತ ಹಾಕಿ, ಈ ನೀರನ್ನು ಹಾಗೇ ನಲ್ಲಿಗೆ ಬಿಡುವುದಕ್ಕೆ ತಡೆ ಹಾಕಿದರು.

ನದಿ ನೀರು ಬಂದಾಗಿದೆ, ಕುಡಿಯುವ ಹಾಗಿಲ್ಲ. ಇನ್ನೇನು ಮಾಡುವುದು? ಗುಡ್ಡದ ಆಚೆ ಆವ್ರಾ ಕಣಿವೆಯಲ್ಲಿ ನಗರದವರೇ ಹಿಂದೆ ಕೊಂಡಿದ್ದ ಹೊಲಗಳಿದ್ದವು. ಅಲ್ಲಿ ನೂರಾರು ಎಕರೆಯಲ್ಲಿ ತಗ್ಗು ಮಾಡಿ, ಸುತ್ತ ಬದು ಹಾಕಿ ನೀರು ನಿಲ್ಲಿಸಿದರು. ನೀರು ಇಂಗಿ, ಅಡಿಯಲ್ಲಿದ್ದ ಹಳೇ ಅಂತರ್ಜಲದ ಜೊತೆ ಬೆರೆಯಿತು. ಆ ಬೆರಕೆ ನೀರನ್ನು ಅಲ್ಲೇ ಸುತ್ತಲಿನ ಬಾವಿಗಳಿಂದ ಎತ್ತಿ 2001ರಿಂದ ಊರಿಗೆ ಕೊಡುತ್ತಿದ್ದಾರೆ. ಈ ಸಲ ಪೈಪುಗಳು ತಕರಾರು ಮಾಡಲಿಲ್ಲ.

ಹೊರಗಿನಿಂದ ನೋಡಿದರೆ ಈ ಹೊಂಡಗಳು ಸಾದಾ ಕೆರೆಗಳೇ. ಆದರೆ ಇವನ್ನು ಸದಾ ತುಂಬಿಡುವುದಿಲ್ಲ. ನೀರಿನ ಜೊತೆ ಬರುವ ನುಣ್ಣನೆಯ ಹೂಳು, ಪಾಚಿ ತಳದಲ್ಲಿ ಕೂತು ಮರಳಿನ ಬಾಯಿ ಮುಚ್ಚುತ್ತವೆ, ಇಂಗುವುದು ನಿಧಾನವಾಗುತ್ತದೆ. ಆಗ ಒಂದು ಹೊಂಡಕ್ಕೆ ನೀರು ನಿಲ್ಲಿಸಿ ಬಿಸಿಲಿಗೆ ಒಣಗಿಸುತ್ತಾರೆ. ಬತ್ತಿದ ಕೆರೆಯ ಅಂಗಳದಲ್ಲಿ ಮಣ್ಣು ಹಪ್ಪಳದ ಹಾಗೆ ಬಿರಿದು ಏಳುತ್ತದಲ್ಲ, ಹಾಗೆ. ಅದನ್ನು ಕೆರೆದು ತೆಗೆದು ಮತ್ತೆ ನೀರು ಬಿಡುತ್ತಾರೆ. ಅಷ್ಟರಲ್ಲಿ ಪಕ್ಕದ ಹೊಂಡದ ಪಾಳಿ. ಹೂಳು ಮತ್ತು ಒಂದಿಷ್ಟು ಕ್ರಿಮಿಗಳು ಮಣ್ಣಲ್ಲೇ ಉಳಿಯುತ್ತವೆ. ಉಪ್ಪಿನಂಶ ಮಾತ್ರ ಸೋಸಿಹೋಗುವುದಿಲ್ಲ. ಕೊಲೊರಾಡೊ ನೀರಿನಲ್ಲಿ ಲವಣ ಜಾಸ್ತಿ, ವರ್ಷ ಕಳೆದಂತೆ ಊರಿನ ನೀರಲ್ಲೂ ಅದು ಏರಿದೆ. ಈ ಪದ್ಧತಿಯನ್ನು ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಎತ್ತುವುದೇ ಇಲ್ಲ.

ಇನ್ನು ನಿಮ್ಮ ಗ್ಯಾರಂಟಿ ಪ್ರಶ್ನೆ. ಇಂಗಿದ ನೀರು ಹೊಂಡದ ಅಡಿಯಲ್ಲಿ ದಿಬ್ಬದ ಹಾಗೆ ಗುಡ್ಡೆಯಾಗಿ, ಮೆಲ್ಲಗೆ ಸುತ್ತ ಹರಡುತ್ತದೆ. ಅದಕ್ಕೇ ಎತ್ತುವ ಬಾವಿಗಳೂ ಹತ್ತಿರದಲ್ಲೇ ಇವೆ. ಆದರೂ ಇದು ಹಗೇವು ಅಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿಯೇ ಕೈಗೆ ವಾಪಸ್ ಬರುತ್ತದೆ. ಇಲ್ಲಿ ಹಾಕಿದ ಹನಿಯೇ ಬರಬೇಕೆಂದಿಲ್ಲ, ಅಳತೆ ಬಂದರೆ ಸಾಕು. ಅಳತೆಗೆ ಕಾವಲು ಕಾನೂನು. ಅರಿಜೋನಾದಲ್ಲಿ 1980ರಿಂದಲೇ ಟೂಸಾನ್‌ನಂಥ ಪ್ರದೇಶಗಳಲ್ಲಿ ಮನಸ್ಸಿಗೆ ಬಂದಂತೆ ಅಂತರ್ಜಲ ಎತ್ತುವ ಹಾಗಿಲ್ಲ. ಇಂಗಿಸಿದವರ ಖಾತೆಗೆ ಜಮೆ ಬೀಳುತ್ತದೆ. ಮುಂದಿನ ವರ್ಷಗಳಿಗೆಂದು ಕೂಡಿಡುವ ಕಾಲುವೆ ನೀರಿನಲ್ಲಿ ಸಾಮಾನ್ಯವಾಗಿ 5% ಭೂಮಿಯ ಪಾಲು ಅಂತ ಮುರಿದುಕೊಳ್ಳುತ್ತಾರೆ. 1996ರಲ್ಲಿ ರಾಜ್ಯ ಸರ್ಕಾರ ಇದಕ್ಕಾಗಿಯೇ ಒಂದು ನೀರಿನ ಬ್ಯಾಂಕ್ ಕೂಡ ತೆರೆಯಿತು.

ಕೊಲೊರಾಡೊ ನೀರಿನಲ್ಲಿ ಟೂಸಾನ್‌ನ ಪಾಲು ವರ್ಷಕ್ಕೆ ಸುಮಾರು 6 ಟಿಎಂಸಿ. ಅಷ್ಟನ್ನೂ ಬಳಸುವುದಿಲ್ಲ, ಮಿಕ್ಕಿದ್ದರಲ್ಲಿ ಬಹಳಷ್ಟು ವರ್ಷಗಳಿಂದ ನೆಲದಲ್ಲಿ ಕೂಡುತ್ತಾ ಬಂದಿದೆ. 2022ರಲ್ಲಿ ನದಿ ಸೊರಗಿ ಅರಿಜೋನಾಕ್ಕೆ ಸುಮಾರು 22 ಟಿಎಂಸಿ ಖೋತಾ ಆಯಿತು, ಹತ್ತಿರ ಹತ್ತಿರ ಅರ್ಧ ಕೆಆರ್‌ಎಸ್. ಪೆಟ್ಟು ಬಿದ್ದದ್ದು ಹೆಚ್ಚಾಗಿ ರೈತರಿಗೆ.

ಬೆಂಗಳೂರಲ್ಲೂ ಹೀಗೆ ಮಾಡಬಹುದಾ ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. ಇದೇ ಮಾದರಿ ಇಲ್ಲಿ ಕಷ್ಟ. ನಮ್ಮ ಅಡಿಯಲ್ಲಿ ಅಷ್ಟು ದಪ್ಪ ಮರಳಿಲ್ಲ, ಬಂಡೆ ಇದೆ. ನೀರಿಗೆ ಜಾಗ ಇರುವುದು ಮೇಲಿನ ಶಿಥಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಕೋಲಾರದ ಕೆ.ಸಿ. ವ್ಯಾಲಿ ಯೋಜನೆ. ಅಲ್ಲಿ 2018ರಿಂದ ಕೆರೆಗಳಿಗೆ ಹರಿಯುತ್ತಿರುವುದು ನದಿ ನೀರಲ್ಲ, ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು. ಖಾತೆ, ಜಮೆ ಯಾವುದೂ ಇಲ್ಲ. ಕೆರೆಯಿಂದ ಇಂಗಿದ್ದು ಸುತ್ತಲಿನ ಯಾವ ಬೋರ್‌ವೆಲ್‌ಗೆ ಸಿಕ್ಕಿತೋ ಆ ರೈತನ ನೀರು. ಅಲ್ಲಿ ಉದ್ದೇಶವೂ ಅದೇ.