ಸಿಂಗಲ್ ಆಗಿ ಬಂದ ಹಾಡು ಆಲ್ಬಮ್‌ಗೆ ಸೇರಿದರೆ ಹೊಸ ಐಎಸ್‌ಆರ್‌ಸಿ ಬೇಕೇ?

ಪ್ರಶ್ನೆ: ಹಿಂದೆ ಸಿಂಗಲ್ ಆಗಿ ಬಿಡುಗಡೆ ಮಾಡಿದ್ದ ಹಾಡನ್ನು ಈಗ ಆಲ್ಬಮ್‌ಗೆ ಸೇರಿಸುತ್ತಿದ್ದೇನೆ. ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೂಡ ಬದಲಾಗಿದ್ದಾರೆ. ಅದಕ್ಕೆ ಹೊಸ ಐಎಸ್‌ಆರ್‌ಸಿ (ರೆಕಾರ್ಡಿಂಗ್‌ನ ಗುರುತಿನ ಕೋಡ್) ತೆಗೆದುಕೊಳ್ಳಬೇಕೇ?

ಉತ್ತರ: ಬೇಡ. ರೆಕಾರ್ಡಿಂಗ್ ಅದೇ ಆಗಿದ್ದರೆ ಹಳೆಯ ಕೋಡನ್ನೇ ಕೊಡಿ. ಅಪ್‌ಲೋಡ್ ಮಾಡುವಾಗ ಕೋಡ್‌ನ ಜಾಗ ಖಾಲಿ ಬಿಟ್ಟರೆ ಸಾಮಾನ್ಯವಾಗಿ ಹೊಸ ಡಿಸ್ಟ್ರಿಬ್ಯೂಟರ್ ತಾವಾಗಿಯೇ ಇನ್ನೊಂದು ಕೋಡ್ ಕೊಟ್ಟುಬಿಡುತ್ತಾರೆ. ಆಗ ಸ್ಟ್ರೀಮಿಂಗ್ ಸೇವೆಗಳಿಗೆ ನಿಮ್ಮ ಒಂದೇ ಹಾಡು ಎರಡು ಹಾಡುಗಳಂತೆ ಕಾಣುತ್ತದೆ. ಇಲ್ಲಿಯವರೆಗಿನ ಪ್ಲೇ ಲೆಕ್ಕ ಹಳೆಯದರಲ್ಲೇ ಉಳಿದು, ಹೊಸದು ಸೊನ್ನೆಯಿಂದ ಶುರುವಾಗುವ ಅಪಾಯವಿದೆ.

ಐಎಸ್‌ಆರ್‌ಸಿ ಅಂಟಿಕೊಂಡಿರುವುದು ಧ್ವನಿಮುದ್ರಣಕ್ಕೆ. ಆಲ್ಬಮ್‌ಗೂ ಅಲ್ಲ, ಮಾಲೀಕರಿಗೂ ಅಲ್ಲ. ಆಲ್ಬಮ್‌ಗೆ ಬಾರ್‌ಕೋಡ್ ಇದೆ. ಸಾಹಿತ್ಯ ಮತ್ತು ರಾಗ ಸೇರಿದ ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೆಯೇ ಕೋಡ್ ಇದೆ. ಒಂದೇ ಕೃತಿಯನ್ನು ಹತ್ತು ಜನ ಹಾಡಿ ರೆಕಾರ್ಡ್ ಮಾಡಿದರೆ ಐಎಸ್‌ಡಬ್ಲ್ಯುಸಿ ಒಂದು, ಐಎಸ್‌ಆರ್‌ಸಿ ಹತ್ತು. ಈ ಎರಡನ್ನು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಕೋಡ್‌ನಲ್ಲಿ 12 ಅಕ್ಷರ–ಅಂಕಿಗಳಿರುತ್ತವೆ. ಮೊದಲ ಐದು, ಕೋಡ್ ಕೊಡುವ ಲೇಬಲ್ ಅಥವಾ ಸಂಸ್ಥೆಗೆ ಸಿಕ್ಕ ಪ್ರಿಫಿಕ್ಸ್. ಮುಂದಿನ ಎರಡು, ವರ್ಷ. ಕೊನೆಯ ಐದು, ಆ ವರ್ಷದ ಕ್ರಮಸಂಖ್ಯೆ. ಹಾಗಾಗಿ ಒಂದು ಪ್ರಿಫಿಕ್ಸ್‌ನಲ್ಲಿ ವರ್ಷಕ್ಕೆ 1 ಲಕ್ಷ ಕೋಡ್. ನಡುವೆ ಕಾಣುವ ಅಡ್ಡಗೆರೆಗಳು ಓದುವ ಅನುಕೂಲಕ್ಕಷ್ಟೇ. ಇದು ಐಎಸ್‌ಒ 3901 ಎಂಬ ಅಂತರರಾಷ್ಟ್ರೀಯ ಮಾನದಂಡ, ಮೊದಲು ಪ್ರಕಟವಾದದ್ದು 1986ರಲ್ಲಿ. ಜಾಗತಿಕ ಉಸ್ತುವಾರಿ ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಪಿಐ ಸಂಸ್ಥೆಯದು.

ಕೋಡ್ ನೋಡಿ ಹಾಡಿನ ಜಾತಕ ಹೇಳಲು ಹೋದರೆ ಎಡವುತ್ತೀರಿ. ಅದರಲ್ಲಿರುವುದು ಕೋಡ್ ಕೊಟ್ಟ ವರ್ಷ, ಹಾಡಿದ ವರ್ಷವಲ್ಲ. 1955ರ ಹಾಡಿಗೆ 2010ರಲ್ಲಿ ಕೋಡ್ ಸಿಕ್ಕಿದ್ದರೆ ಅಲ್ಲಿ 10 ಎಂದೇ ಇರುತ್ತದೆ. ಮೊದಲ ಎರಡು ಅಕ್ಷರ ದೇಶದಂತೆ ಕಂಡರೂ ಅವು ಪ್ರಿಫಿಕ್ಸ್ ಎಲ್ಲಿ ಹಂಚಿಕೆಯಾಯಿತು ಎಂಬುದಕ್ಕಷ್ಟೇ ಸಂಬಂಧಿಸಿದವು. ಅಮೆರಿಕದಲ್ಲಂತೂ ‘ಯುಎಸ್’ ಸಾಲದೆ ‘ಕ್ಯೂಎಂ’, ‘ಕ್ಯೂಝಡ್’ ಕೂಡ ಬಳಕೆಗೆ ಬಂದವು. ರೆಕಾರ್ಡಿಂಗ್ ಮಾರಾಟವಾಗಿ ಮಾಲೀಕರು ಬದಲಾದರೂ ಕೋಡ್ ಬದಲಾಗದು. ಆದ್ದರಿಂದ ಕೋಡ್ ತೋರಿಸಿ ಹಕ್ಕು ಸಾಬೀತು ಮಾಡಲಾಗದು.

ಹೊಸ ಕೋಡ್ ಬೇಕಾಗುವುದು ಧ್ವನಿಯೇ ಬೇರೆಯಾದಾಗ: ರೀಮಿಕ್ಸ್, ಲೈವ್, ಅಕೂಸ್ಟಿಕ್, ದನಿ ತೆಗೆದ ಕ್ಯಾರಿಯೋಕೆ, ರೇಡಿಯೊಗೆಂದು ಕತ್ತರಿಸಿದ ಆವೃತ್ತಿ. ಮ್ಯೂಸಿಕ್ ವಿಡಿಯೊಗೂ ಪ್ರತ್ಯೇಕ ಕೋಡ್. ಹೆಸರಿನ ಕಾಗುಣಿತ ತಿದ್ದಿದರೆ, ಫೈಲ್ ಫಾರ್ಮ್ಯಾಟ್ ಬದಲಿಸಿದರೆ ಬೇಡ. ತಕರಾರು ಇರುವುದು ರೀಮಾಸ್ಟರ್‌ನಲ್ಲಿ, ಅಂದರೆ ಹಳೆಯ ರೆಕಾರ್ಡಿಂಗ್‌ನ ಸದ್ದನ್ನು ಮತ್ತೆ ಹದಗೊಳಿಸಿದ ಆವೃತ್ತಿಯಲ್ಲಿ. ಬರೀ ಸದ್ದಿನ ಮಟ್ಟ ಸರಿಪಡಿಸಿದ್ದರೆ ಹಳೆಯದೇ ಸಾಕು. ಸೃಜನಾತ್ಮಕ ಕೆಲಸ ನಡೆದಿದ್ದರೆ ಹೊಸದು. ಈ ಗೆರೆ ಎಲ್ಲಿ ಎಂಬುದನ್ನು ಕೊನೆಗೆ ನೀವೇ ತೀರ್ಮಾನಿಸಬೇಕು.

ಹಳೆಯ ಡಿಸ್ಟ್ರಿಬ್ಯೂಟರ್ ಖಾತೆ ಮುಚ್ಚುವ ಮೊದಲು ಪ್ರತಿ ಹಾಡಿನ ಕೋಡ್ ಬರೆದಿಟ್ಟುಕೊಳ್ಳಿ. ಹೊಸ ಕಡೆ ಅದೇ ಆಡಿಯೊ ಫೈಲ್, ಅದೇ ಹೆಸರು, ಅದೇ ಕೋಡ್ ಕೊಡಿ. ಹೊಸದು ಸ್ಟ್ರೀಮಿಂಗ್ ಸೇವೆಗಳಲ್ಲಿ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಹಳೆಯದನ್ನು ಅಲ್ಲಿಂದ ತೆಗೆಸಿ.