ಹೋಂವರ್ಕ್ ಯಾವತ್ತು ಕೊಡಲಿ ಎಂದು ಕೇಳಿನೋಡಿ

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಮೊಬೈಲಿನಲ್ಲೇ ಮತಯಂತ್ರ. ಪ್ರಮಾಣವಚನದ ಫೋಟೊ ವಾಟ್ಸ್ಆ್ಯಪ್ ಗ್ರೂಪಿಗೆ ಹೋದ ಮರುದಿನದಿಂದ ಆಹಾರ ಮಂತ್ರಿ ಬಿಸಿಯೂಟದ ಸಾಲು ನೇರ ಮಾಡುತ್ತಾನೆ, ಶಿಕ್ಷಣ ಮಂತ್ರಿ ಸ್ಟಾಫ್ ರೂಮಿನಿಂದ ಚಾಕ್‌ಪೀಸ್ ತರುತ್ತಾಳೆ. ತರಗತಿಯೊಳಗೆ ಏನು, ಹೇಗೆ ನಡೆಯಬೇಕು ಎಂಬ ವಿಷಯದಲ್ಲಿ ಈ ಸಂಪುಟದ ಯಾರಿಗೂ ಖಾತೆ ಹಂಚಿಕೆಯಾಗಿರುವುದಿಲ್ಲ. ಅನುಭವ ಮಂಟಪದ ಬಗ್ಗೆ ನಲವತ್ತು ನಿಮಿಷ ಪಾಠ ಮಾಡುವ ನಾವೇ, ಕಿಟಕಿ ತೆರೆಯಲೂ ಮಕ್ಕಳು ಕೈಯೆತ್ತಿ ಕೇಳಬೇಕು ಎನ್ನುತ್ತೇವೆ.

ತರಗತಿಯೊಳಗೆ ಮಕ್ಕಳು ತಾವೇ ತೀರ್ಮಾನಿಸುವುದು ನಮ್ಮ ರಾಜ್ಯಕ್ಕೆ ಹೊಸ ವಿಷಯವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಈಗ ಒಂದರಿಂದ ಮೂರನೇ ತರಗತಿಯವರೆಗೆ ಇರುವ ನಲಿ-ಕಲಿ ಪದ್ಧತಿಯನ್ನೇ ನೋಡಿ. ಗೋಡೆಯ ಮೇಲೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಇರುತ್ತದೆ. ಎರಡನೇ ತರಗತಿಯ ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಅಲ್ಲಿ ನೋಡಿಕೊಂಡು, ಮುಂದಿನ ಕಾರ್ಡನ್ನು ತಾನೇ ಹುಡುಕಿ ತೆಗೆದು, ಆ ಕಾರ್ಡಿನ ಗುರುತಿಗೆ ಹೊಂದುವ ಗುಂಪಿಗೆ ಹೋಗಿ ಕೂರುತ್ತದೆ. ಅದೇ ಮಗು ನಾಲ್ಕನೇ ತರಗತಿಗೆ ಬಂದ ದಿನ ಸಾಲಿನಲ್ಲಿ ಕೂತು, ಯಾವ ಪುಟ ತೆಗೆಯಬೇಕೆಂದು ಮೇಷ್ಟ್ರು ಹೇಳುವ ತನಕ ಕಾಯುತ್ತದೆ. ವಯಸ್ಸು ಹೆಚ್ಚಾದಂತೆ ಸ್ವಾತಂತ್ರ್ಯ ಕಡಿಮೆಯಾಗುವ ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಸಿಲಬಸ್ ನನ್ನ ಕೈಯಲ್ಲೂ ಇಲ್ಲ, ಮಕ್ಕಳ ಕೈಯಲ್ಲೂ ಇಲ್ಲ. ನಾಲ್ಕು ಎಫ್‌ಎ (ಚಟುವಟಿಕೆ, ಕಿರುಪರೀಕ್ಷೆಗಳ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆ) ಆಗಲೇಬೇಕು. ಇದನ್ನು ವರ್ಷದ ಮೊದಲ ವಾರವೇ ಮಕ್ಕಳಿಗೆ ನೇರವಾಗಿ ಹೇಳಿಬಿಡುತ್ತೇನೆ. ಇಷ್ಟು ನಮ್ಮ ಕೈಲಿಲ್ಲ, ಇಷ್ಟು ನನ್ನದು, ಇಷ್ಟನ್ನು ಕೂತು ಮಾತಾಡೋಣ ಎಂದು ಬೋರ್ಡಿನ ಮೇಲೆ ಮೂರು ಪಟ್ಟಿ. ಮೂರನೆಯದರಲ್ಲಿ ಸಣ್ಣ ಸಣ್ಣ ಸಂಗತಿಗಳೇ ಇರುತ್ತವೆ: ಎಫ್‌ಎಗೆ ಯಾವ ಚಟುವಟಿಕೆ, ಯಾರು ಯಾರ ಪಕ್ಕ ಕೂರಬೇಕು, ಇತಿಹಾಸದ ಅಧ್ಯಾಯ ಮೊದಲೋ ಭೂಗೋಳದ್ದೋ, ಹೋಂವರ್ಕ್ ಯಾವತ್ತು ಕೊಡಬೇಕು. ಮೊದಲೇ ತೀರ್ಮಾನ ಮಾಡಿಟ್ಟುಕೊಂಡು ಆಮೇಲೆ 'ನೀವೇನಂತೀರಿ' ಎಂದು ಕೇಳುವುದಕ್ಕಿಂತ ಕೇಳದೇ ಇರುವುದೇ ವಾಸಿ. ಅದು ನಾಟಕ ಎಂದು ಎಂಟನೇ ತರಗತಿಯವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹೋಂವರ್ಕಿನ ಚರ್ಚೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಬರೆಯದೆ ಬಂದವರಿಗೆ ಏನು ಮಾಡೋಣ ಎಂದು ಕೇಳಿದರೆ ಮಕ್ಕಳು ದಯೆ ತೋರಿಸುತ್ತಾರೆ ಎಂದುಕೊಳ್ಳಬೇಡಿ. 'ಬೆಂಚ್ ಮೇಲೆ ನಿಲ್ಲಿಸಿ ಸಾರ್', 'ಹತ್ತು ರೂಪಾಯಿ ಫೈನ್', 'ನೂರು ಸಲ ಬರೆಸಿ'. ನಾವು ಕೊಟ್ಟ ಶಿಕ್ಷೆಗಳನ್ನೇ ಬಡ್ಡಿ ಸೇರಿಸಿ ವಾಪಸ್ ಕೊಡುತ್ತಾರೆ. ಇಲ್ಲಿ ನನ್ನ ವೀಟೊ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಬಹುಮತ ಬಂದರೂ ಇದಕ್ಕೆ ಅವಕಾಶವಿಲ್ಲ ಎಂದು ಹೇಳಿ ಆ ಮೂರನ್ನೂ ಅಳಿಸುತ್ತೇನೆ. ಆಮೇಲೆ ಕೇಳುವ ಪ್ರಶ್ನೆ ಬೇರೆ: ಬರೆಯಲು ಆಗದಿರುವುದು ಯಾಕೆ? ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚೀಟಿಯಲ್ಲಿ ಬರೆದಿದ್ದಳು: ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಮಂಗಳವಾರ ಸಂತೆ, ಅವತ್ತು ಅಮ್ಮ ಇರುವುದಿಲ್ಲ, ಅಡುಗೆಯೂ ನನ್ನದೇ. ಸೋಮವಾರ ಕೊಟ್ಟಿದ್ದನ್ನು ಬುಧವಾರ ಕೇಳುತ್ತಿದ್ದವನು ನಾನು. ತರಗತಿ ಚರ್ಚಿಸಿ, ಸೋಮವಾರ ಕೊಟ್ಟಿದ್ದನ್ನು ಶುಕ್ರವಾರ ನೋಡುವುದು, ಅಲ್ಲಿಯವರೆಗೆ ಯಾವ ದಿನ ಬರೆದರೂ ಸರಿ ಎಂದು ಗೊತ್ತು ಮಾಡಿತು. ಪಾಠಯೋಜನೆಯಲ್ಲಿ ಒಂದು ಸಾಲು ತಿದ್ದಿದ್ದು ಬಿಟ್ಟರೆ ನನಗೆ ಖರ್ಚೇನೂ ಬೀಳಲಿಲ್ಲ.

ಆ ಮಾತು ಬಂದಿದ್ದು ಚೀಟಿಯಿಂದ ಎನ್ನುವುದನ್ನು ಗಮನಿಸಿ. 'ಯಾರಾದರೂ ಹೇಳಿ' ಎಂದರೆ ಮುಂದಿನ ಸಾಲಿನ ನಾಲ್ಕೈದು ಜನ ಮಾತಾಡುತ್ತಾರೆ, ಉಳಿದವರು ಅವರ ಮುಖ ನೋಡುತ್ತಾರೆ. ಅದಕ್ಕೇ ಮೊದಲು ಹೆಸರಿಲ್ಲದೆ ಬರೆಯುವುದು, ಆಮೇಲೆ ಪಕ್ಕದವರ ಜೊತೆ ಮಾತು, ಕೊನೆಗೆ ಎಲ್ಲರ ಮುಂದೆ. ಕೈಯೆತ್ತಿಸಿ ಎಣಿಸುವುದನ್ನು ಆದಷ್ಟು ತಪ್ಪಿಸುತ್ತೇನೆ. ಎಣಿಕೆಯಲ್ಲಿ ಸೋಲುವವರು ಸಾಮಾನ್ಯವಾಗಿ ಪ್ರತಿ ಸಲವೂ ಅದೇ ಮಕ್ಕಳು. 'ಈ ತೀರ್ಮಾನ ಯಾರಿಗೆ ಆಗಿಬರುವುದಿಲ್ಲ?' ಎಂದು ಕೇಳಿದರೆ ಹೆಚ್ಚು ಕೆಲಸವಾಗುತ್ತದೆ. ಯಾವ ತೀರ್ಮಾನವೂ ವರ್ಷಕ್ಕಲ್ಲ, ಮುಂದಿನ ಕಿರುಪರೀಕ್ಷೆಯವರೆಗೆ ಮಾತ್ರ ಎಂದರೆ ಮಕ್ಕಳೂ ಧೈರ್ಯವಾಗಿ ಪ್ರಯೋಗಕ್ಕಿಳಿಯುತ್ತಾರೆ.

1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದನ್ನೇ: ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಅಭಿಪ್ರಾಯಕ್ಕೆ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಬೆಲೆ ಕೊಡಬೇಕು. ಕೇಳಿದ್ದನ್ನೆಲ್ಲ ಕೊಡಬೇಕು ಎಂದು ಅಲ್ಲೇನೂ ಬರೆದಿಲ್ಲ. ಒಪ್ಪದಿದ್ದಾಗ ಕಾರಣ ಹೇಳಬೇಕಾದ್ದು ಶಿಕ್ಷಕನ ಕೆಲಸ.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದಾಗೆಲ್ಲ ಬರುವ ಮೊದಲ ಪ್ರಶ್ನೆ 'ಪೋರ್ಷನ್ ಮುಗಿಸೋದು ಯಾವಾಗ?' ನ್ಯಾಯವಾದ ಪ್ರಶ್ನೆಯೇ. ಆರಂಭದ ವಾರಗಳಲ್ಲಿ ಒಂದೆರಡು ಪೀರಿಯಡ್ ಹೋಗುತ್ತದೆ, ಹತ್ತನೇ ತರಗತಿಯಲ್ಲಿ ಡಿಸೆಂಬರ್ ನಂತರ ನಾನೂ ಇದಕ್ಕೆ ಕೈಹಾಕುವುದಿಲ್ಲ. ಆದರೆ ತಾವೇ ಆರಿಸಿಕೊಂಡ ಚಟುವಟಿಕೆಯನ್ನು ಮಾಡಿಸಲು ಮಕ್ಕಳ ಹಿಂದೆ ಬೀಳಬೇಕಾಗಿಲ್ಲ, ಆ ಸಮಯ ಉಳಿಯುತ್ತದೆ.

ನಿಜವಾದ ತೊಡಕು ಇರುವುದು ಬೆಲ್ ಹೊಡೆದ ಮೇಲೆ. ನನ್ನ ಪೀರಿಯಡ್ಡಿನಲ್ಲಿ ಮಾತಾಡಿ ರೂಢಿಯಾದ ಹುಡುಗ ಮುಂದಿನ ಪೀರಿಯಡ್ಡಿನಲ್ಲಿ 'ಯಾಕೆ ಸಾರ್?' ಎಂದರೆ ಅದು ಅಧಿಕಪ್ರಸಂಗವಾಗುತ್ತದೆ, ಬೈಗುಳ ಅವನಿಗೆ ಬೀಳುತ್ತದೆ. ಹಾಗಾಗಿ ತೀರ್ಮಾನಗಳ ಹಾಳೆಯನ್ನು ಗೋಡೆಗೆ ಅಂಟಿಸುವ ಮೊದಲು ಆ ತರಗತಿಗೆ ಹೋಗುವ ಉಳಿದ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ಒಮ್ಮೆ ತೋರಿಸುತ್ತೇನೆ. ಕೆಲವರು ನಗುತ್ತಾರೆ. ಗಣಿತದ ಮೇಡಂ ಮಾತ್ರ ಹಾಳೆ ಓದಿ, ತಮ್ಮ ಹೋಂವರ್ಕನ್ನು ಮಂಗಳವಾರದಿಂದ ಗುರುವಾರಕ್ಕೆ ಹಾಕಿಕೊಂಡರು.